ಕಣ್ಣಿನ ಉಪಮೆ, ಲೋಪವಾದ ಧರ್ಮ

ಅಲಂಕಾರದ ಪಾಠ ನಡೆಯುತ್ತಿತ್ತು. ಉಪಮೆಗೆ ನಿಮ್ಮದೇ ಒಂದು ಉದಾಹರಣೆ ಕೊಡಿ ಎಂದು ತರಗತಿಯನ್ನು ಕೇಳಿದೆ. ಮುಖಕ್ಕೂ ಚಂದ್ರನಿಗೂ ಬೇಸತ್ತಿದ್ದ ವಿದ್ಯಾರ್ಥಿಯೊಬ್ಬ "ಕಣ್ಣು ಕ್ಯಾಮರಾದಂತಿದೆ" ಎಂದ. ಚೆನ್ನಾಗಿದೆ ಎಂದು ಅದನ್ನು ಕರಿಹಲಗೆಯ ಮೇಲೆ ಬರೆದೆ. ಆಗ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು, "ಹಾಗಾದರೆ ಸರ್, ಒಳಗೆ ಕೂತು ಆ ಫೋಟೋ ನೋಡುವವರು ಯಾರು?" ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆ. ಗಂಟೆ ಹೊಡೆದು ಎಲ್ಲರೂ ಚದುರಿದರು. ಪ್ರಶ್ನೆ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಕನ್ನಡದ ಮೇಷ್ಟರಿಗೆ ಕಣ್ಣಿನ ವಿಜ್ಞಾನವೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಹುಡುಗಿ ಕೇಳಿದ್ದು ಉಪಮೆಯ ವಿಚಾರ. ಉಪಮೆಯ ವಿಚಾರಕ್ಕೆ ಉತ್ತರ ಹೇಳಬೇಕಾದವನು ನಾನೇ.

ನಮ್ಮ ಆಲಂಕಾರಿಕರು ಉಪಮೆಗೆ ನಾಲ್ಕು ಅಂಗಗಳನ್ನು ಹೇಳಿದ್ದಾರೆ: ಹೋಲಿಕೆಗೆ ವಿಷಯವಾದ ಉಪಮೇಯ, ಹೋಲಿಸಲು ತಂದ ಉಪಮಾನ, ಎರಡಕ್ಕೂ ಸಮಾನವಾದ ಧರ್ಮ, 'ಅಂತೆ' 'ಹಾಗೆ' ಮೊದಲಾದ ವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ. ಯಾವುದಾದರೂ ಬಿಟ್ಟುಹೋದರೆ ಲುಪ್ತೋಪಮೆ. ಸಮಾನಧರ್ಮವೇ ಬಿಟ್ಟುಹೋದರೆ ಧರ್ಮಲುಪ್ತೆ. "ಮುಖ ಚಂದ್ರನಂತಿದೆ" ಎಂದಾಗ ಯಾವ ಗುಣದಲ್ಲಿ ಎಂದು ಕವಿ ಹೇಳುವುದಿಲ್ಲ. ಹೇಳದಿರುವುದೇ ಅಲ್ಲಿ ಸೊಗಸು, ಏಕೆಂದರೆ ಓದುಗ ಮುಖವನ್ನೂ ಕಂಡಿದ್ದಾನೆ, ಚಂದ್ರನನ್ನೂ ಕಂಡಿದ್ದಾನೆ; ನಡುವಿನ ಕಾಂತಿಯನ್ನೋ ತಂಪನ್ನೋ ತಾನೇ ತುಂಬಿಕೊಳ್ಳುತ್ತಾನೆ. ವಿಜ್ಞಾನದ ಉಪಮೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಓದುಗ ಬಲ್ಲದ್ದು ಎರಡರಲ್ಲಿ ಒಂದನ್ನು ಮಾತ್ರ. ಇನ್ನೊಂದನ್ನು ತಿಳಿಯಲೆಂದೇ ಅವನು ಲೇಖನವನ್ನು ಕೈಗೆತ್ತಿಕೊಂಡಿರುತ್ತಾನೆ. ಧರ್ಮವನ್ನು ಹೇಳದೆ ಬಿಟ್ಟರೆ ಅವನು ತುಂಬಿಕೊಳ್ಳುವುದು ತನಗೆ ತಿಳಿದ ವಸ್ತುವಿನ ಗುಣಗಳನ್ನೆಲ್ಲ. ಕ್ಯಾಮರಾದಲ್ಲಿ ಫೋಟೋ ಉಂಟು, ಫೋಟೋಗೆ ನೋಡುವವನು ಉಂಟು. ಆದ್ದರಿಂದ ಕಣ್ಣಿನ ಹಿಂದೆಯೂ ಒಬ್ಬ ನೋಡುವವನು ಬಂದು ಕೂರುತ್ತಾನೆ. ಹುಡುಗಿಯ ತಪ್ಪೇನೂ ಇಲ್ಲ. ಉಪಮೆಯನ್ನು ಅವಳು ಕ್ರಮವಾಗಿಯೇ ಅನುಸರಿಸಿದ್ದಳು.

ಆದರೂ ಈ ಉಪಮೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 'ಕ್ಯಾಮರಾ' ಎಂಬ ಮಾತಿನ ಮೂಲ ಅರ್ಥ ಕೋಣೆ ಎಂದಷ್ಟೆ. ಕಿಟಕಿ ಬಾಗಿಲು ಮುಚ್ಚಿದ ಕತ್ತಲೆಯ ಕೋಣೆಗೆ ಒಂದು ಸಣ್ಣ ರಂಧ್ರ ಮಾಡಿದರೆ ಹೊರಗಿನ ಬೀದಿ, ಮರ, ಮನುಷ್ಯರು ಎದುರುಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತಾರೆ. ಕಣ್ಣಿನ ಮಸೂರವೂ ಹೀಗೆಯೇ ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆಂದು ೧೬೦೪ರಲ್ಲಿ ಕೆಪ್ಲರ್ ತೋರಿಸಿದ. ಎತ್ತಿನ ಕಣ್ಣಿನ ಹಿಂಬದಿಯ ಪೊರೆಗಳನ್ನು ತೆಗೆದು, ಅದನ್ನು ಕತ್ತಲೆಕೋಣೆಯ ರಂಧ್ರಕ್ಕೆ ಇಟ್ಟರೆ ಬಿಂಬವನ್ನು ಬರಿಗಣ್ಣಿನಿಂದಲೇ ಕಾಣಬಹುದೆಂದು ೧೬೩೭ರಲ್ಲಿ ದೆಕಾರ್ತ್ ಬರೆದ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಯೋ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಯೋ ಎಂಬ ಬಹುಕಾಲದ ವಾದಕ್ಕೆ ಈ ಹೋಲಿಕೆ ದೊಡ್ಡ ಸಹಾಯ ಮಾಡಿತು. ಆಗ ಅದರ ಸಮಾನಧರ್ಮ ಸ್ಪಷ್ಟವಾಗಿತ್ತು: ಬಿಂಬ ಮೂಡುವ ರೀತಿ. ಅಷ್ಟರಲ್ಲೇ ನಿಂತಿದ್ದರೆ ಅದು ನಿರ್ದುಷ್ಟವಾದ ಪೂರ್ಣೋಪಮೆ.

ಕಾಲಕ್ರಮದಲ್ಲಿ ಧರ್ಮ ಉದುರಿತು, ಹೋಲಿಕೆ ಉಳಿಯಿತು. ಬಿಂಬ ಮೂಡಿದ ಮೇಲೆ ಏನಾಗುತ್ತದೆ ಎಂಬಲ್ಲಿ ಕಣ್ಣಿಗೂ ಕ್ಯಾಮರಾಕ್ಕೂ ದಾರಿ ಬೇರೆಯಾಗುತ್ತದೆ ಎಂಬುದನ್ನು ಪಠ್ಯಪುಸ್ತಕ ಹೇಳಲಿಲ್ಲ. ನಮ್ಮ ಒಂದೊಂದು ಕಣ್ಣಿನಲ್ಲಿಯೂ ಬೆಳಕನ್ನು ಹಿಡಿಯುವ ಜೀವಕೋಶಗಳು ಹನ್ನೆರಡು ಕೋಟಿಯಷ್ಟಿವೆ. ಅಲ್ಲಿಂದ ಮಿದುಳಿಗೆ ಹೋಗುವ ನರತಂತುಗಳು ಹತ್ತು ಲಕ್ಷದ ಆಸುಪಾಸು. ನೂರು ಬಾಯಿಯ ಮಾತನ್ನು ಒಂದು ಬಾಯಿ ಹೇಳಬೇಕಾದರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಕಣ್ಣಿನಲ್ಲಿಯೇ ನಡೆಯಬೇಕು. ೧೯೫೨-೫೩ರ ಸುಮಾರಿಗೆ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಒಂದು ವಿಚಿತ್ರ ಪ್ರಯೋಗ ನಡೆಯಿತು. ಕಣ್ಣುಗುಡ್ಡೆಗೆ ಅಂಟಿಕೊಳ್ಳುವ ಮಸೂರದಲ್ಲಿ ಪುಟ್ಟ ಕನ್ನಡಿಯನ್ನು ಇಟ್ಟು, ಕಣ್ಣು ಎತ್ತ ಚಲಿಸಿದರೂ ಚಿತ್ರವೂ ಅತ್ತಲೇ ಚಲಿಸುವಂತೆ ಮಾಡಿದರು. ಹೀಗೆ ಅಕ್ಷಿಪಟಲದ ಮೇಲೆ ಬಿಂಬ ಅಲುಗಾಡದೆ ನಿಂತಾಗ, ಕೆಲವೇ ಕ್ಷಣಗಳಲ್ಲಿ ಅದು ಮಸುಕಾಗಿ ಮಾಯವಾಯಿತು. ಕ್ಯಾಮರಾಕ್ಕೆ ವಸ್ತು ಅಲುಗದಿದ್ದರೆ ಒಳ್ಳೆಯ ಚಿತ್ರ. ಕಣ್ಣಿಗೆ ಬಿಂಬ ಅಲುಗದಿದ್ದರೆ ಚಿತ್ರವೇ ಇಲ್ಲ.

ಈ ಹಳೆಯ ವಿಷಯವನ್ನು ಈಗ ಎತ್ತಲು ಕಾರಣವಿದೆ. ಇತ್ತೀಚಿನ ದಶಕಗಳಲ್ಲಿ ಉಪಮೆ ತಿರುಗಿ ನಿಂತಿದೆ. ಕಣ್ಣು ಕ್ಯಾಮರಾದಂತೆ ಎನ್ನುತ್ತಿದ್ದವರು ಕ್ಯಾಮರಾವೇ ಕಣ್ಣಿನಂತಾಗಬೇಕು ಎನ್ನುತ್ತಿದ್ದಾರೆ. ಎಂದಿನ ಉಪಮಾನವೇ ಉಪಮೇಯವಾಗಿಬಿಟ್ಟರೆ ಅದನ್ನು ಪ್ರತೀಪಾಲಂಕಾರವೆನ್ನುತ್ತಾರೆ. ಮುಖ ಚಂದ್ರನಂತೆ ಎನ್ನದೆ ಚಂದ್ರ ಮುಖದಂತೆ ಎಂದ ಹಾಗೆ. ನೊಣದ ಕಣ್ಣಿನ ಕ್ಯಾಮರಾ, ಸೀಗಡಿಯ ಕಣ್ಣಿನ ದೂರದರ್ಶಕ, ಕಪ್ಪೆಯಂತೆ ನೋಡುವ ಯಂತ್ರ ಎಂಬ ತಲೆಬರಹಗಳನ್ನು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣುತ್ತೇವೆ. ಅವುಗಳ ಕೆಳಗೆ ತಪ್ಪದೆ ಒಂದು ವಾಕ್ಯವಿರುತ್ತದೆ: "ವಿಜ್ಞಾನಿಗಳು ನಿಸರ್ಗವನ್ನು ನಕಲು ಮಾಡಿದ್ದಾರೆ." ಅಲಂಕಾರ ಬದಲಾಯಿತು, ಲೋಪ ಬದಲಾಗಲಿಲ್ಲ. ಯಾವ ಗುಣದಲ್ಲಿ ನಕಲು? ಅದನ್ನು ಯಾರು, ಹೇಗೆ ಕಂಡರು? ಈ ಬರಹಗಳು ಹೇಳದೆ ಬಿಡುವುದು ಅದನ್ನೇ; ಕಥೆಯೆಲ್ಲ ಇರುವುದೂ ಅಲ್ಲಿಯೇ.

ಮನೆಯ ಪ್ರಾಣಿಯಿಂದಲೇ ಮೊದಲು ಮಾಡೋಣ. ನಮ್ಮ ನೈಯಾಯಿಕರು ಕಣ್ಣು ತೈಜಸವಾದ ಇಂದ್ರಿಯವೆಂದೂ ಅದರ ಕಿರಣ ಹೊರಟು ವಸ್ತುವನ್ನು ಮುಟ್ಟಿದಾಗ ಜ್ಞಾನವಾಗುತ್ತದೆಂದೂ ಹೇಳಿದರು. ಅದಕ್ಕೆ ಕೊಟ್ಟ ಸಾಕ್ಷ್ಯಗಳಲ್ಲಿ ಒಂದು, ಬೆಕ್ಕಿನಂಥ ರಾತ್ರಿಸಂಚಾರಿಗಳ ಕಣ್ಣಿನಲ್ಲಿ ಕಿರಣ ಪ್ರತ್ಯಕ್ಷವಾಗಿ ಕಾಣುತ್ತದೆಯಲ್ಲವೆ ಎಂಬುದು. ಕಂಡದ್ದು ಸುಳ್ಳಲ್ಲ, ಊಹಿಸಿದ ಧರ್ಮ ತಪ್ಪು. ಬೆಕ್ಕಿನ ಕಣ್ಣು ಬೆಳಕನ್ನು ಹುಟ್ಟಿಸುವುದಿಲ್ಲ. ಅಕ್ಷಿಪಟಲದ ಹಿಂದೆ ಅದಕ್ಕೊಂದು ಹೊಳೆಯುವ ಪದರವಿದೆ. ಮೊದಲ ಸಲ ಹಿಡಿಯಲಾಗದೆ ಹೋದ ಬೆಳಕನ್ನು ಆ ಪದರ ಹಿಂದಿರುಗಿಸಿ, ಇರುಳಿನ ಬೇಟೆಗಾರನಿಗೆ ಇನ್ನೊಂದು ಅವಕಾಶ ಕೊಡುತ್ತದೆ. ಮಿಕ್ಕ ಬೆಳಕು ಬಂದ ದಾರಿಯಲ್ಲಿಯೇ ಹೊರಬಂದು ದೀಪ ಹಿಡಿದವನ ಕಣ್ಣಿಗೆ ಹೊಳಪಾಗಿ ಕಾಣುತ್ತದೆ. ಮುಂದೆ ಮಸೂರ, ಹಿಂದೆ ಕನ್ನಡಿ, ಬಂದ ದಾರಿಗೇ ಮರಳುವ ಬೆಳಕು: ಇದು ಧರ್ಮ. ಇಂಗ್ಲೆಂಡಿನ ಯಾರ್ಕ್‌ಷೈರಿನ ಪರ್ಸಿ ಷಾ ೧೯೩೪ರಲ್ಲಿ ಪೇಟೆಂಟು ಪಡೆದ ರಸ್ತೆಯ 'ಬೆಕ್ಕಿನ ಕಣ್ಣು' ಈ ಧರ್ಮವನ್ನೇ ಹಿಡಿಯಿತು. ರಬ್ಬರಿನ ಮೆತ್ತೆಯೊಳಗೆ ಕೂರಿಸಿದ ಗಾಜಿನ ಗುಂಡುಗಳು. ವಾಹನದ ಗಾಲಿ ಮೇಲೆ ಹಾಯ್ದಾಗ ರಬ್ಬರು ಒತ್ತಿಕೊಂಡು ಗಾಜನ್ನು ಒರೆಸುತ್ತದೆ, ರೆಪ್ಪೆ ಕಣ್ಣನ್ನು ಒರೆಸುವಂತೆ. ಅದಕ್ಕೆ ಬೆಕ್ಕಿನ ರೂಪವೇನೂ ಇಲ್ಲ. ಗುಣ ಸಿಕ್ಕಿದವನಿಗೆ ರೂಪದ ಹಂಗಿಲ್ಲ.

ರೂಪವನ್ನೇ ಹಿಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ನೊಣದ ಕಣ್ಣಿನಲ್ಲಿ ಸಾವಿರಾರು ಪುಟ್ಟ ಮಸೂರಗಳಿವೆ. ಒಂದೇ ಹೂವು ಸಾವಿರ ಹೂವಾಗಿ ನೊಣಕ್ಕೆ ಕಾಣುವಂತೆ ಸಿನಿಮಾಗಳಲ್ಲಿ ತೋರಿಸುವುದುಂಟು. ಇದೂ ಕ್ಯಾಮರಾ ಉಪಮೆಯ ಕೂಸು. ಒಂದು ಮಸೂರಕ್ಕೆ ಒಂದು ಫೋಟೋ ಎಂದು ನಾವು ಎಣಿಸಿಬಿಟ್ಟಿದ್ದೇವೆ. ನಿಜದಲ್ಲಿ ಒಂದೊಂದು ಮಸೂರವೂ ದೃಶ್ಯದ ಒಂದೊಂದು ಚುಕ್ಕೆಯನ್ನು ಮಾತ್ರ ಕೊಡುತ್ತದೆ. ಎಲ್ಲ ಚುಕ್ಕೆಗಳೂ ಸೇರಿ ಒಂದು ಹೂವು, ರಂಗೋಲಿಯ ಚುಕ್ಕೆಗಳೆಲ್ಲ ಸೇರಿ ಒಂದು ಆಕೃತಿಯಾಗುವ ಹಾಗೆ. ಮಸೂರ ಕಿರಿದಾದಷ್ಟೂ ಅದರ ಚುಕ್ಕೆ ಮಸುಕು. ಮನುಷ್ಯನಷ್ಟು ಸ್ಪಷ್ಟವಾಗಿ ಕಾಣಬೇಕಾದರೆ ಈ ಮಾದರಿಯ ಕಣ್ಣಿಗೆ ಒಂದು ಮೀಟರಿನಷ್ಟಾದರೂ ಅಡ್ಡಳತೆ ಬೇಕೆಂದು ಜರ್ಮನಿಯ ಕುನೋ ಕಿರ್ಷ್‌ಫೆಲ್ಡ್ ೧೯೭೬ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜಾನ್ ರೋಜರ್ಸ್ ಮತ್ತು ಸಂಗಡಿಗರು ಬಾಗುವ ವಸ್ತುಗಳಿಂದ ಇಂಥ ಅರ್ಧಗೋಲದ ಕ್ಯಾಮರಾ ಒಂದನ್ನು ಮಾಡಿ ೨೦೧೩ರಲ್ಲಿ ಪ್ರಕಟಿಸಿದರು. ಅದರಲ್ಲಿ ೧೮೦ ಕಣ್ಣುಗಳಿದ್ದವು; ೧೬೦ ಡಿಗ್ರಿಯಷ್ಟು ವಿಶಾಲ ನೋಟ. ಹತ್ತಿರ ದೂರಗಳೆರಡೂ ಒಟ್ಟಿಗೆ ಕಾಣುವ ಗುಣವೂ ಅದಕ್ಕಿತ್ತು. ಕೈಚಳಕ ಅಸಾಧಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ೧೮೦ ಕಣ್ಣುಗಳಿಂದ ಸಿಕ್ಕಿದ್ದು ೧೮೦ ಚುಕ್ಕೆಗಳ ಚಿತ್ರ. ಕೀಟದ ಸಂಪತ್ತಿನೊಡನೆ ಕೀಟದ ಬಡತನವೂ ಬಂತು. ತಲೆಬರಹಗಳು ಸಂಪತ್ತನ್ನು ಹೇಳಿದವು. ಬಡತನವನ್ನು ಓದುಗರಿಗೆ ಯಾರೂ ಬಿಡಿಸಿ ಹೇಳಲಿಲ್ಲ.

ಇನ್ನು ನನ್ನ ಮುಖ್ಯ ಉದಾಹರಣೆಗೆ ಬರುತ್ತೇನೆ. ಸಮುದ್ರದ ಸೀಗಡಿ, ಅದಕ್ಕಿಂತ ದೊಡ್ಡದಾದ ಲಾಬ್‌ಸ್ಟರ್ ಮೊದಲಾದ ಪ್ರಾಣಿಗಳಿಗೂ ನೊಣದಂತೆ ಹಲವು ಮುಖಗಳ ಕಣ್ಣುಂಟು. ಆದರೆ ಒಂದು ವ್ಯತ್ಯಾಸ. ನೊಣದ ಕಣ್ಣಿನ ಮುಖಗಳು ಜೇನುಗೂಡಿನಂತೆ ಆರು ಮೂಲೆಯವು; ಇವುಗಳದ್ದು ಲೆಕ್ಕದ ಪುಸ್ತಕದ ಹಾಳೆಯಂತೆ ಅಚ್ಚುಕಟ್ಟಾದ ಚೌಕುಳಿ. ಹತ್ತೊಂಬತ್ತನೆಯ ಶತಮಾನದ ಪಂಡಿತರು ಸೂಕ್ಷ್ಮದರ್ಶಕದಲ್ಲಿ ಈ ಚೌಕಗಳನ್ನು ಕಂಡಿದ್ದರು, ಚಿತ್ರ ಬರೆದಿದ್ದರು. ೧೮೯೧ರಲ್ಲಿ ವಿಯೆನ್ನಾದ ಸಿಗ್ಮಂಡ್ ಎಕ್ಸ್‌ನರ್ ಕೀಟ ಮತ್ತು ಸೀಗಡಿ ವರ್ಗಗಳ ಕಣ್ಣುಗಳ ಮೇಲೆ ಒಂದು ಮಹತ್ವದ ಗ್ರಂಥವನ್ನೇ ಬರೆದ. ಕತ್ತಲಲ್ಲಿ ಬದುಕುವ ಇಂಥ ಜೀವಿಗಳ ಕಣ್ಣಿನಲ್ಲಿ ನೂರಾರು ಮುಖಗಳಿಂದ ಬಂದ ಬೆಳಕು ಒಂದೇ ಚುಕ್ಕೆಯಲ್ಲಿ ಸೇರಿ ಬಿಂಬವನ್ನು ಪ್ರಕಾಶಗೊಳಿಸುತ್ತದೆಂದು ಅವನು ಕಂಡುಕೊಂಡ. ವಿಶೇಷ ರೀತಿಯ ಮಸೂರಗಳು ಇದನ್ನು ಮಾಡುತ್ತವೆ ಎಂದ. ಮಿಂಚುಹುಳಕ್ಕೆ ಆ ವಿವರಣೆ ಸರಿಯಾಗಿ ಹೊಂದಿತು. ಸೀಗಡಿ ವರ್ಗಕ್ಕೆ ಹೊಂದಲಿಲ್ಲ. ಅವುಗಳ ಕಣ್ಣಿನ ಒಳಗಿನ ವಸ್ತು ಬೆಳಕನ್ನು ಅಷ್ಟು ಬಾಗಿಸಲಾರದೆಂದು ಮುಂದಿನ ಅಳತೆಗಳಿಂದ ತಿಳಿದುಬಂತು. ಹಾಗಾದರೆ ಇವು ನೋಡುವುದು ಹೇಗೆ?

ಉತ್ತರ ಕಣ್ಣೆದುರಿನ ಚೌಕದಲ್ಲಿಯೇ ಇತ್ತು. ೧೯೭೫ರಲ್ಲಿ ಜರ್ಮನಿಯ ಕ್ಲಾಸ್ ಫೋಗ್ಟ್, ೧೯೭೬ರಲ್ಲಿ ಇಂಗ್ಲೆಂಡಿನ ಮೈಕೇಲ್ ಲ್ಯಾಂಡ್ ಅದನ್ನು ಓದಿದರು. ಇಲ್ಲಿ ಬೆಳಕನ್ನು ಕೂಡಿಸುವುದು ಮಸೂರವಲ್ಲ, ಕನ್ನಡಿ. ಒಂದೊಂದು ಚೌಕವೂ ಒಂದು ಉದ್ದನೆಯ ಪೆಟ್ಟಿಗೆಯ ಬಾಯಿ. ಪೆಟ್ಟಿಗೆಯ ಒಳಗೋಡೆಗಳು ಹೊಳೆಯುವ ಕನ್ನಡಿಗಳು. ಓರೆಯಾಗಿ ಬಂದ ಕಿರಣ ಒಂದು ಗೋಡೆಗೆ ತಾಗಿ, ಅದಕ್ಕೆ ಲಂಬವಾದ ಮತ್ತೊಂದು ಗೋಡೆಗೂ ತಾಗಿ, ಸರಿಯಾದ ದಿಕ್ಕಿಗೆ ತಿರುಗುತ್ತದೆ. ಗೋಡೆಗಳು ಲಂಬಕೋನದಲ್ಲಿ ಕೂಡಿದಾಗ ಮಾತ್ರ ಎರಡು ಸಲದ ಪ್ರತಿಫಲನ ಹೀಗೆ ಲೆಕ್ಕಕ್ಕೆ ಬರುತ್ತದೆ. ಆರು ಮೂಲೆಯಲ್ಲಿ ಬರುವುದಿಲ್ಲ. ಚೌಕ ಅಲಂಕಾರವಲ್ಲ, ಅದೇ ಯಂತ್ರದ ಮರ್ಮ. ಒಂದು ಶತಮಾನದ ಕಾಲ ಪಂಡಿತರು ಚೌಕವನ್ನು ನೋಡಿದರು, ಆದರೆ ಚೌಕವೇಕೆ ಎಂದು ಕೇಳಲಿಲ್ಲ. ಕಣ್ಣೆಂದರೆ ಮಸೂರ ಎಂಬ ಉಪಮೆ ಅವರ ನೋಟಕ್ಕೆ ಅಡ್ಡವಾಗಿತ್ತೆಂದು ಹೇಳಿದರೆ ತಪ್ಪಾಗಲಾರದು.

ಲ್ಯಾಂಡ್ ೧೯೭೮ರಲ್ಲಿ ಕನ್ನಡಿಗಣ್ಣಿನ ಪ್ರಾಣಿಗಳನ್ನು ಕುರಿತು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದರು. ೧೯೭೯ರಲ್ಲಿ ಅಮೆರಿಕದ ಅರಿಜೋನಾದ ಖಗೋಳವಿಜ್ಞಾನಿ ರೋಜರ್ ಏಂಜೆಲ್ ಲಾಬ್‌ಸ್ಟರಿನ ಕಣ್ಣನ್ನು ಕ್ಷ-ಕಿರಣಗಳ ದೂರದರ್ಶಕವಾಗಿ ಬಳಸಬಹುದೆಂದು ಸೂಚಿಸಿದರು. ಸಮುದ್ರದ ತಳಕ್ಕೂ ಆಕಾಶದ ಕ್ಷ-ಕಿರಣಕ್ಕೂ ಏನು ಸಂಬಂಧ? ಕ್ಷ-ಕಿರಣವನ್ನು ಗಾಜಿನ ಮಸೂರ ಬಾಗಿಸಲಾರದು. ಎದುರಾಗಿ ನಿಂತ ಕನ್ನಡಿಯನ್ನೂ ಅದು ಲೆಕ್ಕಿಸುವುದಿಲ್ಲ. ಆದರೆ ನುಣುಪಾದ ಮೈಗೆ ಬಹಳ ಓರೆಯಾಗಿ ತಾಗಿದರೆ, ಕೆರೆಯ ನೀರಿಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಮುಳುಗದೆ ಚಿಮ್ಮುವಂತೆ, ಒಳಹೋಗದೆ ಚಿಮ್ಮುತ್ತದೆ. ಹೀಗೆ ಚಿಮ್ಮಿಸಿ ಬಿಂಬ ಮೂಡಿಸುವ ದೂರದರ್ಶಕಗಳು ಮೊದಲೇ ಇದ್ದವು. ಆದರೆ ಅವುಗಳ ನೋಟ ತೀರ ಕಿರಿದು. ಸಾಮಾನ್ಯವಾಗಿ ಹುಣ್ಣಿಮೆಯ ಚಂದ್ರನಷ್ಟು ಅಗಲದ ಆಕಾಶವನ್ನು ನೋಡಿದರೆ ಹೆಚ್ಚು. ಯಾವ ಮೂಲೆಯಲ್ಲಿ ಯಾವ ಕ್ಷಣದಲ್ಲಿ ನಕ್ಷತ್ರ ಸಿಡಿಯುತ್ತದೋ ಬಲ್ಲವರಾರು? ಎಲ್ಲ ದಿಕ್ಕಿಗೂ ತೆರೆದಿರುವ ಕಣ್ಣು ಬೇಕಿತ್ತು. ಗೋಲದ ಮೈಮೇಲೆ ಕೇಂದ್ರಾಭಿಮುಖವಾಗಿ ಜೋಡಿಸಿದ ಚೌಕದ ಕೊಳವೆಗಳಿಗೆ ಇಂಥದೇ ದಿಕ್ಕು ಎಂಬುದಿಲ್ಲ. ಸೀಗಡಿಗೆ ಮಂದವಾದ ಬೆಳಕನ್ನು ಕೂಡಿಸಿಕೊಡುವ ಏರ್ಪಾಟು ಖಗೋಳಜ್ಞನಿಗೆ ವಿಶಾಲವಾದ ನೋಟವನ್ನು ಕೊಡಬಲ್ಲದಾಗಿತ್ತು.

ಸೂಚಿಸುವುದು ಸುಲಭ, ಮಾಡುವುದು ಕಷ್ಟ. ಕೂದಲಿನ ದಪ್ಪಕ್ಕಿಂತಲೂ ಕಿರಿದಾದ, ಸುಮಾರು ೪೦ ಮೈಕ್ರಾನ್ ಅಳತೆಯ ಚೌಕದ ರಂಧ್ರಗಳನ್ನು ಲಕ್ಷಗಟ್ಟಲೆ ಗಾಜಿನ ಬಿಲ್ಲೆಯಲ್ಲಿ ಮಾಡಬೇಕು. ಅವುಗಳ ಗೋಡೆಗೆ ಇರಿಡಿಯಂ ಲೇಪಿಸಬೇಕು. ಬಿಲ್ಲೆಯನ್ನು ಗೋಲಾಕಾರಕ್ಕೆ ಬಾಗಿಸಬೇಕು. ಚೀನದ ವಿಜ್ಞಾನ ಅಕಾಡೆಮಿ ಇಂಥ ಒಂದು ಪರೀಕ್ಷಾ ಉಪಕರಣವನ್ನು ೨೦೨೨ರ ಜುಲೈನಲ್ಲಿ ಆಕಾಶಕ್ಕೆ ಕಳಿಸಿತು. ಯೂರೋಪಿನ ಸಂಸ್ಥೆಗಳ ಸಹಕಾರದೊಡನೆ ೨೦೨೪ರ ಜನವರಿ ೯ರಂದು 'ಐನ್‌ಸ್ಟೈನ್ ಪ್ರೋಬ್' ಎಂಬ ಉಪಗ್ರಹ ಮೇಲೇರಿತು. ಅದರಲ್ಲಿ ಇಂಥ ಹನ್ನೆರಡು ಕಣ್ಣುಗಳಿದ್ದು, ಒಂದೇ ನೋಟಕ್ಕೆ ೩,೬೦೦ ಚದರ ಡಿಗ್ರಿ, ಎಂದರೆ ಇಡೀ ಆಕಾಶದ ಸುಮಾರು ಹನ್ನೊಂದರಲ್ಲಿ ಒಂದು ಪಾಲು, ಕಾಣುತ್ತದೆ. ಅದೇ ವರ್ಷದ ಮಾರ್ಚ್ ೧೫ರಂದು ಅದು ಕಂಡ ಒಂದು ಸ್ಫೋಟದ ಬೆಳಕು ಸುಮಾರು ೧,೨೫೦ ಕೋಟಿ ವರ್ಷಗಳ ಹಿಂದೆ ಹೊರಟದ್ದು. ಈ ದೂರದರ್ಶಕದ ಚಿತ್ರಗಳಲ್ಲಿ ಇನ್ನೊಂದು ವಿಶೇಷವಿದೆ. ಪ್ರಕಾಶವಾದ ತಾರೆ ಚುಕ್ಕೆಯಾಗಿ ಮಾತ್ರ ಮೂಡದೆ, ನಾಲ್ಕು ತೋಳುಗಳ ಕೂಡುಚಿಹ್ನೆಯಂತೆ ಮೂಡುತ್ತದೆ. ಎರಡೂ ಗೋಡೆಗೆ ತಾಗಿದ ಕಿರಣ ನಡುವಿನ ಚುಕ್ಕೆಗೆ ಬಂದು ಸೇರಿದರೆ, ಒಂದೇ ಗೋಡೆಗೆ ತಾಗಿದ ಕಿರಣ ತೋಳಾಗಿ ಚಾಚಿಕೊಳ್ಳುತ್ತದೆ. ಎಲ್ಲಿಂದ ಸಾಲ ತಂದ ಕಣ್ಣು ಎಂಬ ಗುರುತು ಒಂದೊಂದು ತಾರೆಯ ಮೇಲೂ ಬಿದ್ದಿದೆ.

ಇದನ್ನು ನಕಲು ಎನ್ನಬಹುದೆ? ಲಾಬ್‌ಸ್ಟರ್ ಎಂದೂ ಕ್ಷ-ಕಿರಣವನ್ನು ಕಂಡದ್ದಿಲ್ಲ. ಅದರ ಕನ್ನಡಿ ಇರಿಡಿಯಮ್ಮಿನದಲ್ಲ. ನಾಟ್ಯವನ್ನು ಅನುಕರಣವೆಂದು ಶ್ರೀಶಂಕುಕ ಹೇಳಿದಾಗ, ಯಾವುದರ ಅನುಕರಣ ಎಂದು ಭಟ್ಟತೌತ ಬೆನ್ನಟ್ಟಿದನೆಂದು ಅಭಿನವಗುಪ್ತ ದಾಖಲಿಸಿದ್ದಾನೆ. ರಾಮನನ್ನು ಕಂಡವರಾರು, ಯಾರನ್ನು ನೋಡಿ ನಟ ಅನುಕರಿಸಿದ? ಅದೇ ಪ್ರಶ್ನೆ ಇಲ್ಲಿಯೂ ಸಲ್ಲುತ್ತದೆ. ಏಂಜೆಲ್ ತೆಗೆದುಕೊಂಡದ್ದು ಪ್ರಾಣಿಯನ್ನಲ್ಲ, ಪ್ರಾಣಿಯಲ್ಲಿ ಇನ್ನೊಬ್ಬರು ಕಂಡು ಬಿಡಿಸಿ ಹೇಳಿದ ಒಂದು ಧರ್ಮವನ್ನು. ಫೋಗ್ಟರೂ ಲ್ಯಾಂಡರೂ ಚೌಕದ ಅರ್ಥವನ್ನು ಹೇಳಿರದಿದ್ದರೆ, ಸಾವಿರ ಲಾಬ್‌ಸ್ಟರುಗಳನ್ನು ಎದುರಿಗಿಟ್ಟುಕೊಂಡರೂ ನಕಲು ಮಾಡಲು ಅಲ್ಲಿ ಏನೂ ಇರುತ್ತಿರಲಿಲ್ಲ. ನಿಸರ್ಗದ ನಕಲು ಎಂಬ ಮಾತು ಇವರಿಬ್ಬರನ್ನೂ ಕಥೆಯಿಂದ ಹೊರಗೆ ಹಾಕುತ್ತದೆ. ನನ್ನ ತಕರಾರು ಶಬ್ದದ ಮೇಲಿನ ತಕರಾರು ಮಾತ್ರವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕೊನೆಯ ಉದಾಹರಣೆ ಹುಡುಗಿಯ ಪ್ರಶ್ನೆಗೆ ಇನ್ನೂ ಹತ್ತಿರದ್ದು. ೧೯೫೯ರಲ್ಲಿ ಲೆಟ್ವಿನ್, ಮಾತುರಾನ, ಮೆಕಲಕ್, ಪಿಟ್ಸ್ ಎಂಬ ನಾಲ್ವರು, ಕಪ್ಪೆಯ ಕಣ್ಣು ಕಪ್ಪೆಯ ಮಿದುಳಿಗೆ ಏನನ್ನು ಹೇಳುತ್ತದೆ ಎಂಬ ಲೇಖನವನ್ನು ಪ್ರಕಟಿಸಿದರು. ಅದು ಚಿತ್ರವನ್ನು ಕಳಿಸುವುದಿಲ್ಲ, ಸುದ್ದಿಯನ್ನು ಕಳಿಸುತ್ತದೆ ಎಂಬುದು ಅವರ ನಿರ್ಣಯದ ಸಾರ: ಇಲ್ಲೊಂದು ಅಂಚು, ಅಲ್ಲೊಂದು ಚಿಕ್ಕ ಕಪ್ಪು ವಸ್ತು ಚಲಿಸಿತು, ಬೆಳಕು ಕುಂದಿತು. ಸುತ್ತಲೂ ಸತ್ತ ನೊಣಗಳು ಬಿದ್ದಿದ್ದರೂ ಅಲುಗದಿದ್ದರೆ ಕಪ್ಪೆ ಹಸಿದೇ ಇರುತ್ತದೆ. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಮಿಷಾ ಮಹೋವಾಲ್ಡ್ ಮತ್ತು ಕಾರ್ವರ್ ಮೀಡ್ ಅಕ್ಷಿಪಟಲದ ಕೋಶಗಳು ಹೀಗೆ ನೆರೆಯವರೊಡನೆ ಹೋಲಿಸಿಕೊಂಡು ವ್ಯತ್ಯಾಸವನ್ನೇ ಹೇಳುವ ಗುಣವನ್ನು ಸಿಲಿಕಾನ್ ಚಿಪ್ಪಿಗೆ ಇಳಿಸಿ, ೧೯೯೧ರಲ್ಲಿ ಅದನ್ನು ಸಾಮಾನ್ಯ ಓದುಗರಿಗೆ ವಿವರಿಸಿದರು. ಹಿನ್ನೆಲೆ ಬದಲಾದರೆ ಒಂದೇ ಬೂದುಬಣ್ಣ ಎರಡಾಗಿ ಕಾಣುವ ನಮ್ಮ ಕಣ್ಣಿನ ಭ್ರಮೆ ಆ ಚಿಪ್ಪಿಗೂ ಬಂತು. ಈ ವಂಶದಲ್ಲಿ ಹುಟ್ಟಿ, ೨೦೦೮ರಲ್ಲಿ ಜ್ಯೂರಿಕ್ಕಿನ ಸಂಶೋಧಕರು ಪ್ರಕಟಿಸಿದ ಕ್ಯಾಮರಾದಲ್ಲಿ ಫೋಟೋ ಎಂಬುದೇ ಇಲ್ಲ. ಅದರ ೧೨೮ ಸಾಲು, ೧೨೮ ಕಂಬಗಳ ಚುಕ್ಕೆಗಳಲ್ಲಿ ಒಂದೊಂದೂ ತನಗೆ ಬೀಳುವ ಬೆಳಕು ಹೆಚ್ಚಿತೋ ತಗ್ಗಿತೋ ಎಂಬುದನ್ನು, ಹಾಗಾದ ಕ್ಷಣದಲ್ಲಿಯೇ, ಸೆಕೆಂಡಿನ ಲಕ್ಷಾಂಶಗಳ ನಿಖರತೆಯಿಂದ ತಿಳಿಸುತ್ತದೆ, ಬದಲಾಗದಿದ್ದರೆ ಸುಮ್ಮನಿರುತ್ತದೆ. ವೇಗವಾಗಿ ಚಲಿಸುವುದನ್ನು ಹಿಡಿಯಲು ಇದಕ್ಕೆ ಸಾಟಿ ಕಡಿಮೆ. ಆದರೆ ಯಂತ್ರವೂ ದೃಶ್ಯವೂ ನಿಶ್ಚಲವಾದರೆ ಅದಕ್ಕೆ ಏನೂ ಕಾಣದು. ಇಲ್ಲಿಯೂ ಸಂಪತ್ತಿನೊಡನೆ ಬಡತನ ಬಂದಿದೆ. ಆದರೆ ಇಲ್ಲಿ ಅದನ್ನು ತಿಳಿದೇ ಬರಮಾಡಿಕೊಂಡರು.

ಒಳ್ಳೆಯ ವಿಜ್ಞಾನಬರಹ ಹೇಗಿರುತ್ತದೆ ಎಂಬುದಕ್ಕೆ ಲ್ಯಾಂಡ್ ಮತ್ತು ಡಾನ್-ಎರಿಕ್ ನಿಲ್ಸನ್ ೨೦೦೨ರಲ್ಲಿ ಹೊರತಂದ 'ಆನಿಮಲ್ ಐಸ್' ಎಂಬ ಇಂಗ್ಲಿಷ್ ಪುಸ್ತಕವನ್ನು ನೋಡಬಹುದು. ಪ್ರಾಣಿಗಳ ಕುಲಗೋತ್ರದ ಕ್ರಮವನ್ನು ಬಿಟ್ಟು, ಕಣ್ಣು ಬಿಂಬವನ್ನು ಮೂಡಿಸುವ ಬಗೆಯ ಕ್ರಮದಲ್ಲಿ ಅದನ್ನು ಹೊಂದಿಸಿದ್ದಾರೆ: ಮಸೂರದವು, ಕನ್ನಡಿಯವು, ಚುಕ್ಕೆ ಜೋಡಿಸುವವು, ಬೆಳಕನ್ನು ಕೂಡಿಸುವವು. ಎಂದರೆ ಗ್ರಂಥದ ರಚನೆಯೇ ಸಮಾನಧರ್ಮದ ಮೇಲೆ ನಿಂತಿದೆ. ಸಾಮಾನ್ಯನಿಗೆ ಅಲ್ಲಿನ ಗಣಿತ ಕೆಲವೆಡೆ ಕಠಿಣ. ಆದರೆ ಹೋಲಿಕೆ ಬಂದಲ್ಲೆಲ್ಲ ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದು ಓದುಗನಿಗೆ ತಿಳಿಯುತ್ತದೆ.

ಪತ್ರಿಕೆಯ ಓದುಗನಿಗೆ ಇಷ್ಟೆಲ್ಲ ಏಕೆ, ಉಪಮೆ ಮಗುವನ್ನು ಬಾಗಿಲವರೆಗೆ ಕರೆದು ತಂದರೆ ಸಾಲದೆ ಎಂದು ಗೆಳೆಯರೊಬ್ಬರು ವಾದಿಸಿದರು. ಬಾಗಿಲವರೆಗೆ ಬಂದದ್ದು ಸಂತೋಷವೇ. ಹೊಸ್ತಿಲಲ್ಲಿಯೇ ನಿಲ್ಲಿಸಿ ಮನೆಯೆಲ್ಲ ನೋಡಿದೆಯೆಂದು ಹೇಳಿ ಕಳಿಸುವುದು ಸರಿಯಲ್ಲ. ಮೇಲಾಗಿ, ಇದರಿಂದ ಆಗುವ ನಷ್ಟ ಭಾಷೆಗೆ ಮಾತ್ರ ಸೇರಿದ್ದಲ್ಲ. ನಿಸರ್ಗದಿಂದ ಯಂತ್ರಕ್ಕೆ ನಕಲು ಒಂದೇ ಜಿಗಿತ ಎಂದು ನಂಬಿದ ಸಮಾಜ, ಸೀಗಡಿಯ ಕಣ್ಣಿನಲ್ಲಿ ಚೌಕವೇಕೆ ಎಂದು ವರ್ಷಗಟ್ಟಲೆ ಕೂತು ನೋಡುವವನನ್ನು ಕಂಡು "ಇದರಿಂದ ಏನು ಪ್ರಯೋಜನ?" ಎಂದು ಕೇಳುತ್ತದೆ. ಎಕ್ಸ್‌ನರನ ಗ್ರಂಥದಿಂದ ಉಪಗ್ರಹದವರೆಗೆ ೧೩೩ ವರ್ಷ. ಏಂಜೆಲ್ಲರ ಸೂಚನೆಯಿಂದಲೇ ಎಣಿಸಿದರೂ ೪೫ ವರ್ಷ. ಫೋಗ್ಟ್ ಮತ್ತು ಲ್ಯಾಂಡ್ ಹುಡುಕುತ್ತಿದ್ದುದು ದೂರದರ್ಶಕವನ್ನಲ್ಲ, ಒಂದು ಪ್ರಾಣಿ ಹೇಗೆ ನೋಡುತ್ತದೆ ಎಂಬುದನ್ನು. ನಮ್ಮ ಕಾಲೇಜುಗಳಲ್ಲಿ ಅಂಥ ಪ್ರಶ್ನೆಯೊಂದಿಗೆ ಬರುವ ಹುಡುಗ ಹುಡುಗಿಯರಿಗೆ ನಾವು ಏನು ಹೇಳಿ ಕಳಿಸುತ್ತೇವೆ ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ. ನಾನೇ ನಕ್ಕು ಸುಮ್ಮನಾಗಿದ್ದೆನಲ್ಲ.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು ಉಪಮೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಉಪಮೆಯಿಲ್ಲದೆ ಹೊಸದನ್ನು ಹೇಳಲು ಭಾಷೆಗೆ ಬೇರೆ ದಾರಿ ಕಡಿಮೆ. 'ಅಂತೆ' ಎಂದು ಬರೆದ ಕೂಡಲೇ 'ಯಾವುದರಲ್ಲಿ' ಎಂಬ ಪ್ರಶ್ನೆಗೂ ಒಂದು ವಾಕ್ಯ ಬರೆಯಲಿ, 'ಯಾವುದರಲ್ಲಿ ಅಲ್ಲ' ಎಂಬುದಕ್ಕೆ ಮತ್ತೊಂದು. ಎರಡು ವಾಕ್ಯಕ್ಕೆ ಯಾವ ಪುರವಣಿಯಲ್ಲಿಯೂ ಜಾಗದ ಅಭಾವವಿರಲಾರದು.

ಮುಂದಿನ ವಾರ ತರಗತಿಗೆ ಹೋದಾಗ ಆ ವಾಕ್ಯವನ್ನು ಮತ್ತೆ ಕರಿಹಲಗೆಯ ಮೇಲೆ ಬರೆದೆ. "ಕಣ್ಣು ಕ್ಯಾಮರಾದಂತೆ ಬಿಂಬವನ್ನು ಮೂಡಿಸುತ್ತದೆ." ಈಗ ನಾಲ್ಕು ಅಂಗವೂ ಇತ್ತು. ಹಿಂದಿನ ಬೆಂಚಿನ ಹುಡುಗಿಯನ್ನು ಹೆಸರು ಹಿಡಿದು ಕರೆದು, ಒಳಗೆ ಫೋಟೋ ನೋಡುವವರು ಯಾರೂ ಇಲ್ಲ, ಏಕೆಂದರೆ ಒಳಗೆ ಫೋಟೋ ಇಲ್ಲ ಎಂದೆ. ಕಪ್ಪೆಯ ಕಥೆಯನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಸರ್, ಸುದ್ದಿಯನ್ನು ಕೇಳುವವರು ಯಾರು?" ಎಂದಳು. ಈ ಸಲ ನಾನು ನಗಲಿಲ್ಲ.